ಅಮಾವಾಸ್ಯೆಯ ದಿನ ಬನಹಟ್ಟಿಗೆ ಹೊತ್ತ ಚಂದ್ರ

ಪುಷ್ಯ ಮಾಸದ ಚಳಿಯಲ್ಲಿ, ಅಮಾವಾಸ್ಯೆಗೆ ಒಂದು ದಿನ ಮುಂಚೆ, ನಸುಕಿನಲ್ಲೇ ನಾನು ಮುಧೋಳ ಬಿಟ್ಟೆ. ಬೆಲ್ಲ ಹೇರಿಕೊಂಡು ಜಮಖಂಡಿ ಪೇಟೆಗೆ ಹೊರಟಿದ್ದ ಪರಿಚಯದವರ ಗಾಡಿಯಲ್ಲಿ ನನಗೂ ಒಂದು ಮೂಲೆ ಸಿಕ್ಕಿತ್ತು. ಹನ್ನೆರಡು ಮೈಲಿನ ದಾರಿ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕೋಟಿನ ಒಳಜೇಬಿನಲ್ಲಿ ನಲವತ್ತು ಸಾಲಿನ ಒಂದು ಚಂದ್ರೋದಯ.

ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿ ಇಡೀ ಆಯುಷ್ಯ ಮೋಡಿ ಲಿಪಿಯಲ್ಲಿ ಮರಾಠಿ ಬರೆದವನು ನಾನು. ಪೆನ್ಶನ್ ಬಂದ ಮೇಲೆ ಕನ್ನಡದಲ್ಲಿ ಕವಿತೆ ಕಟ್ಟುವ ಹುಚ್ಚು ಹಿಡಿಯಿತು. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಬನಹಟ್ಟಿಯ ಮಗ್ಗದ ಮನೆಯೊಂದರಲ್ಲಿ ಪ್ರತಿ ಅಮಾವಾಸ್ಯೆಗೆ ಪದ್ಯ ಬರೆಯುವವರು ಕೂಡುತ್ತಾರೆಂದು ತಿಳಿಸಿದವರು ಜಮಖಂಡಿಯ ನನ್ನ ಗೆಳೆಯ, ನಿವೃತ್ತ ಮಾಸ್ತರ ಜಿನ್ನಪ್ಪ. ಅಲ್ಲಿ ಹೊಗಳುವುದೂ ಇಲ್ಲ, ಹಳಿಯುವುದೂ ಇಲ್ಲ. ಓದಿ ಮುಗಿದ ಮೇಲೆ, ಕೇಳಿದವರು ತಮ್ಮ ಮನಸ್ಸಿನಲ್ಲಿ ಉಳಿದ ಒಂದು ಸಾಲನ್ನು ಕವಿಗೆ ತಿರುಗಿ ಹೇಳುತ್ತಾರೆ. ಅದಕ್ಕೆ ಅವರು ಸಾಲು ಮರಳಿಸುವುದು ಎನ್ನುತ್ತಾರೆ. ಏನೂ ಉಳಿಯದಿದ್ದರೆ ಸುಮ್ಮನೆ ಎಲೆ ಅಡಿಕೆಯ ತಟ್ಟೆ ಮುಂದೆ ಸಾಗುತ್ತದೆ.

ಹೊರಡುವಾಗ ನಮ್ಮ ಮನೆಯಾಕೆ ಗಂಗಾಬಾಯಿ ಬುತ್ತಿ ಕಟ್ಟುತ್ತ ಅಂದಿದ್ದಳು, "ಒಬ್ಬರಾದ್ರೂ ಒಂದ ಸಾಲು ಮರಳಿಸಿದ್ರ ಬರೀರಿ. ಇಲ್ಲಾಂದ್ರ ಮಸಿ ಕುಡಿಕಿ ಮಾಡದಾಗ ಇಟ್ಟು ಸುಮ್ಮ ಕೂಡ್ರಿ. ದೀಪದ ಎಣ್ಣಿನರ ಉಳೀತೈತಿ." ಅದೇನು ಸೊಕ್ಕೋ, ಆಗಲಿ ಎಂದು ಮಾತು ಕೊಟ್ಟುಬಿಟ್ಟೆ. ದಾರಿಯುದ್ದಕ್ಕೂ ಅದೇ ಮಾತು ಎದೆಯಲ್ಲಿ ಕುಟುಕುತ್ತಿತ್ತು.

ಊರು ದಾಟುತ್ತಲೇ ಘಟಪ್ರಭೆಯ ಕಡೆಯಿಂದ ಮಂಜು ಎದ್ದು ಹೊಲಗಳ ಮೇಲೆ ಹರಡಿಕೊಂಡಿತು. ಎಲ್ಲೋ ಗಾಣದ ಒಲೆಯ ಮೇಲೆ ಕಬ್ಬಿನ ಹಾಲು ಕುದಿಯುವ ವಾಸನೆ. ಕಾಲು ಮರಗಟ್ಟಿದ್ದರಿಂದ ಕೆಳಗಿಳಿದು ಗಾಡಿಯ ಹಿಂದೆ ನಡೆಯತೊಡಗಿದೆ. ಕೋಟಿನ ಗುಂಡಿ ಹಾಕಿಕೊಳ್ಳಲು ನಿಂತಷ್ಟರಲ್ಲಿ ಗಾಡಿ, ಎತ್ತು, ಹೊಡೆಯುವವನು ಎಲ್ಲ ಮಾಯ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಮುಂದೆಲ್ಲೋ ಎತ್ತಿನ ಕೊರಳ ಗೆಜ್ಜೆ ಸದ್ದು ಮಾಡುತ್ತಿತ್ತು. ನಿದ್ದೆಯಲ್ಲಿ ನಡೆದವನಂತೆ ಅದರ ಹಿಂದೆಯೇ ಬಹಳ ಹೊತ್ತು ನಡೆದೆ. ಬಿಸಿಲು ಬಿದ್ದಾಗ ಗಾಡಿ ಹತ್ತು ಮಾರು ಮುಂದಿತ್ತು, ಹೊಡೆಯುವವನು ನಾನು ಇಳಿದದ್ದನ್ನೇ ನೋಡಿರಲಿಲ್ಲ.

ರಾತ್ರಿ ಜಮಖಂಡಿಯಲ್ಲಿ ಜಿನ್ನಪ್ಪನ ಮನೆಯಲ್ಲಿ ತಂಗಿದೆ. ಜೈನರ ಮನೆ, ದೀಪ ಹಚ್ಚುವ ಮೊದಲೇ ಊಟ ಮುಗಿಯಿತು. ಮರುದಿನ ಇಬ್ಬರೂ ಸರ್ವಿಸ್ ಮೋಟಾರು ಹತ್ತಿದೆವು. ಆರಾಣೆ ಕೊಟ್ಟು ಒಂಬತ್ತು ಮೈಲು ಧೂಳು ಕುಡಿದು ಬನಹಟ್ಟಿಗೆ ಇಳಿದಾಗ ಊರು ನಿಶ್ಶಬ್ದವಾಗಿತ್ತು. ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಓಣಿಯುದ್ದಕ್ಕೂ ಬಣ್ಣ ಹಾಕಿದ ನೂಲು ಬಿಸಿಲಿಗೆ ಒಣಗುತ್ತಿತ್ತು. ಕೆಂಪು, ಕಪ್ಪು, ಗಿಳಿಹಸಿರು ಎಳೆಗಳ ನಡುವೆ ನಾವಿಬ್ಬರು ಮುದುಕರು ತಲೆ ಬಗ್ಗಿಸಿ ನಡೆದೆವು.

ಮನೆಯ ಯಜಮಾನ ಮಲ್ಲಪ್ಪ ನೇಕಾರ, ಪದ್ಯವನ್ನೂ ಬರೆಯುವವನು. ಹೋಳಿಗೆ ಊಟವಾದ ಮೇಲೆ ಏಳೆಂಟು ಜನ ಮಗ್ಗದ ಸುತ್ತ ಚಾಪೆಯ ಮೇಲೆ ಕೂತೆವು. ಅವನ ತಾಯಿ ನೀಲವ್ವ ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದಳು. ಬೇರೆ ಊರಿನಿಂದ ಬಂದವರು ಮೊದಲು ತಮ್ಮ ದಾರಿಯ ಸುದ್ದಿ ಹೇಳುವುದು ಅಲ್ಲಿಯ ರೂಢಿ.

"ದಾರಿ ಹೆಂಗಿತ್ರಿ?" ಎಂದ ಮಲ್ಲಪ್ಪ.

ನನಗೆ ಚಂದ್ರೋದಯದ್ದೇ ಅವಸರ. "ಛಲೋ ಇತ್ತರಿ. ಮಂಜಿನಾಗ ಎತ್ತು ಕಾಣಲಿಲ್ಲ, ಗೆಜ್ಜಿ ಸಪ್ಪಳ ಹಿಡಕೊಂಡ ಬಂದೆ" ಎಂದವನೇ ಕಾಗದ ಬಿಡಿಸಿ, ಉಸಿರು ಬಿಡದೆ ಓದಲು ಸುರುಮಾಡಿದೆ. ಪೂರ್ವಗಿರಿ, ಇಂದುಬಿಂಬ, ಕ್ಷೀರಸಾಗರ, ಒಂದನ್ನೂ ಬಿಟ್ಟಿರಲಿಲ್ಲ. ಎರಡು ತಿಂಗಳು ತಿದ್ದಿದ ಪದ್ಯ.

ಮುಗಿಯಿತು. ತಟ್ಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗತೊಡಗಿತು. ನನ್ನ ಕಣ್ಣ ಮುಂದೆ ನಮ್ಮ ಮನೆಯ ಗೋಡೆಯ ಮಾಡ, ಅದರೊಳಗಿನ ಮಸಿಕುಡಿಕೆ ಕಟ್ಟಿದವು.

ತಟ್ಟೆ ಬಾಗಿಲ ಬಳಿ ಬಂದಾಗ ನೀಲವ್ವ ಬತ್ತಿ ಕೆಳಗಿಟ್ಟು ಮೆಲ್ಲಗೆ ಅಂದಳು, "ಮಂಜಿನಾಗ ಎತ್ತು ಕಾಣಲಿಲ್ಲ, ಗೆಜ್ಜಿ ಸಪ್ಪಳ ಹಿಡಕೊಂಡ ಬಂದೆ."

"ಅದು ಪದ್ಯದಾಗಿನದಲ್ಲ ಅವ್ವಾರ. ಅದು ದಾರಿ ಸುದ್ದಿ" ಎಂದೆ.

"ಹೌದೇನು? ಪದ್ಯ ಅಲ್ಲಿಂದನ ಸುರು ಆತು ಅಂತ ತಿಳಕೊಂಡಿದ್ನೆಪಾ ನಾ."

"ನಾನೂ ಹಂಗ ತಿಳದಿದ್ದೆ" ಎಂದ ಮಲ್ಲಪ್ಪ. "ನನಗೂ ಅದ ಉಳದೈತಿ."

ಜಿನ್ನಪ್ಪ ಬಿಡುವವರೇ? "ಅಮಾಸಿ ದಿನ ಚಂದ್ರನ್ನ ಹೊತಗೊಂಡ ಬಂದ್ರ ಯಾರಿಗೆ ಕಾಣತಾನಲೇ?" ಎಂದು ತೊಡೆ ತಟ್ಟಿಕೊಂಡರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನಗೆ ಕೆಟ್ಟದೆನಿಸಿತು. ಕರೆದವನನ್ನು ಬಿಟ್ಟು ಕರೆಯದವನಿಗೆ ಮಣೆ ಹಾಕಿದಂತಾಗಿತ್ತು. ಮಲ್ಲಪ್ಪ ನನ್ನ ಮುಖ ನೋಡಿ, "ಇಲ್ಲಿ ಕೂತು ಹೇಳಿದ್ದೆಲ್ಲಾ ನಿಮ್ಮದರಿ. ಮುಂದಿನ ಅಮಾಸಿಗೆ ಬರ್ರಿ, ದಾರಿ ಸುದ್ದೀನ ತರ್ರಿ" ಎಂದ. ನಾನು ಕಾಗದ ಮಡಚಿ ಒಳಜೇಬಿಗೆ ಸೇರಿಸಿದೆ.

ತಿರುಗಿ ಬರುವಾಗ ಮೋಟಾರಿನಲ್ಲಿ ಕೂತು ನನ್ನ ಚಂದ್ರೋದಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದೆ. ಮೂರನೆಯ ಸಾಲಿಗೇ ತಡವರಿಸಿದೆ. ಹೊರಗೆ ಕಬ್ಬಿನ ಹೊಲಗಳ ಮೇಲೆ ಸಂಜೆಯ ಹೊಗೆ ಎಳೆಎಳೆಯಾಗಿ ತೇಲುತ್ತಿತ್ತು. ಜಿನ್ನಪ್ಪ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು.

ಮರುದಿನ ಸಂಜೆ ಮುಧೋಳ ಮುಟ್ಟಿದೆ. ಗಂಗಾಬಾಯಿ ಕಾಲಿಗೆ ನೀರು ಕೊಡುತ್ತಲೇ ಕೇಳಿದಳು, "ಬಂತೇನ್ರಿ ಸಾಲು?"

"ಬಂತು. ಆದ್ರ ಪದ್ಯದ್ದಲ್ಲ" ಎಂದು ನಡೆದದ್ದನ್ನು ಹೇಳಿದೆ. "ಉಣ್ಣಾಕ ಏಳ್ರಿ, ರೊಟ್ಟಿ ಆರಾಕತ್ತಾವು" ಎಂದಳು, ಅಷ್ಟೆ. ಊಟವಾದ ಮೇಲೆ ಮಸಿಕುಡಿಕೆಯನ್ನು ನಾನೇ ಮಾಡದಲ್ಲಿಟ್ಟೆ. ಪದ್ಯದ ಸಾಲೊಂದೂ ಮರಳಿರಲಿಲ್ಲ, ಕೊಟ್ಟ ಮಾತು ಕೊಟ್ಟ ಮಾತೇ.

ಬೆಳಗಾಗುತ್ತಲೇ ಸ್ನಾನಕ್ಕೆಂದು ಹೊಳೆಗೆ ಹೊರಟೆ. ನೀರು ತರಲು ಅವಳು ನನಗಿಂತ ಮೊದಲೇ ಹೋಗಿದ್ದಳು. ಹೊಳೆಯ ದಂಡೆಯಲ್ಲಿ ಮತ್ತೆ ಅದೇ ಮಂಜು. ಮೆಟ್ಟಿಲೂ ಕಾಣದು, ನೀರೂ ಕಾಣದು.

"ಎಲ್ಲಿದ್ದೀ?" ಎಂದು ಕೂಗಿದೆ.

ಮಂಜಿನ ಒಳಗಿಂದ ತಾಮ್ರದ ಕೊಡ ಕಲ್ಲಿಗೆ ತಾಗಿದ ಸದ್ದು, ಹಿಂದೆಯೇ ಅವಳ ದನಿ:

"ಇಲ್ಲೇ ಅದೀನ್ರಿ. ಕೊಡದ ಸಪ್ಪಳ ಹಿಡಕೊಂಡ ಬರ್ರಿ."

ನನ್ನ ಸಾಲನ್ನೇ ಅವಳು ಮರಳಿಸಿದ್ದಳು. ನಾನು ಆ ಸಪ್ಪಳ ಹಿಡಿದುಕೊಂಡು ಮೆಟ್ಟಿಲು ಇಳಿದೆ.