ಹಮೀದನ ಪೆನ್‌ಡ್ರೈವ್

ದಾರಿಯಲ್ಲಿ ಬಿಳಿ ಸೀರೆಯವಳು ಬೈಕಿಗೆ ಕೈ ತೋರಿಸಿದಳು, ಯಾರೂ ಇಲ್ಲದ ಮನೆಯಲ್ಲಿ ಕೆಮ್ಮು ಕೇಳಿಸಿತು ಎಂದು ಹೇಳುವವರು ನಮ್ಮ ಮೂಡುಬಿದಿರೆಯ ಹೋಟೆಲುಗಳಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಅವರನ್ನು ಗೇಲಿ ಮಾಡುತ್ತಲೇ ಬಂದವನು. ನನ್ನ ಕೆಲಸವೇ ಅಂಥದ್ದು. ರೂಟರ್ ನಡೆಯದಿದ್ದರೆ ಅದಕ್ಕೊಂದು ಕಾರಣ ಇರುತ್ತದೆ, ನಡೆದರೂ ಒಂದು ಕಾರಣ ಇರುತ್ತದೆ. ಹಾಗಾಗಿ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಗುತ್ತಿದ್ದೆ.

ವೇಣೂರು, ನಾರಾವಿ ಕಡೆಯ ಒಳಹಳ್ಳಿಗಳಿಗೆ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಇಂಟರ್‌ನೆಟ್ ಕೊಡುವ ಸಣ್ಣ ಕಂಪೆನಿಯೊಂದರಲ್ಲಿ ನಾನೂ ಹಮೀದನೂ ಒಟ್ಟಿಗೆ ಕೆಲಸಕ್ಕೆ ಸೇರಿದ್ದೆವು. ನಾವು ಕೊಟ್ಟ ಸೆಟ್ಟಿಂಗನ್ನು ರೂಟರ್ ಆ ಕ್ಷಣದಿಂದಲೇ ಪಾಲಿಸುತ್ತದೆ. ಆದರೆ ಅದನ್ನು ಒಳಗಿನ ಮೆಮೊರಿಗೆ ಸೇವ್ ಮಾಡದಿದ್ದರೆ ಕರೆಂಟ್ ಹೋದ ಕೂಡಲೇ ಎಲ್ಲವನ್ನೂ ಮರೆತುಬಿಡುತ್ತದೆ. ಕೆಲಸ ಮುಗಿಸಿ, ಸೇವ್ ಮಾಡುವುದನ್ನು ಮರೆತು ಮನೆಗೆ ಹೋಗಿ, ಮರುದಿನ ಬೈಗುಳ ತಿನ್ನದವರು ನಮ್ಮ ಕಸುಬಿನಲ್ಲಿ ಯಾರೂ ಇಲ್ಲ.

ಹಮೀದ್ ಮಾತ್ರ ತಿಂದವನಲ್ಲ. "ಸೇವ್ ಮಾಡಿದ್ಯಾ ಮಾರಾಯ?" ಎಂದು ಕೇಳುತ್ತಿದ್ದ. ಹೌದು ಎಂದರೂ ಬಿಡುತ್ತಿರಲಿಲ್ಲ. ತಾನೇ ಪ್ಲಗ್ ಕಿತ್ತು, ಮತ್ತೆ ಹಾಕಿ, ಎಲ್ಲ ಸರಿಯಾಗಿ ಎದ್ದು ಬರುತ್ತದೋ ಎಂದು ನೋಡಿದ ಮೇಲೆಯೇ ಜಾಗ ಬಿಡುತ್ತಿದ್ದ. ಇದು ಸಾಲದೆಂದು ಸೆಟ್ಟಿಂಗಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ದಾರದಲ್ಲಿ ಪೋಣಿಸಿ ರೂಟರ್ ಇಟ್ಟ ಪೆಟ್ಟಿಗೆಯ ಒಳಗೆ ಕಟ್ಟಿಡುತ್ತಿದ್ದ. "ತಾಯಿತ ಕಟ್ಟಿದ್ದಾ ಹಮೀದ್?" ಎಂದು ನಾನು ರೇಗಿಸಿದರೆ, "ಹೌದು, ಸಿಡಿಲಿಗೆ" ಎಂದು ನಗುತ್ತಿದ್ದ. ಅವನ ಆ ನಗು ನನಗೆ ಬಹಳ ಇಷ್ಟವಿತ್ತು.

ಮುಂದೆ ಅವನು ಗಲ್ಫಿಗೆ ಹೋದ. ಅಲ್ಲಿಯೂ ಇದೇ ಕೆಲಸ. ಒಂದು ಬೇಸಿಗೆಯಲ್ಲಿ, ರೂಮಿನಲ್ಲಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತುಹೋಗಿತ್ತಂತೆ. ಸುದ್ದಿ ತಿಳಿದು ನಾನು ಅವನ ಮನೆಗೆ ಓಡಿದೆ. ವೇಣೂರಿನಿಂದ ಒಳಗೆ, ಮೊಬೈಲ್ ಸಿಗ್ನಲ್ ಸಿಗದ ಮೂಲೆಯಲ್ಲಿ ಅವರ ಮನೆ. ಹಮೀದನ ತಾಯಿಯನ್ನು ನಾನೂ ಉಮ್ಮ ಎಂದೇ ಕರೆಯುತ್ತಿದ್ದೆ. ಅವರು ಗೋಡೆಗೆ ಒರಗಿ ಕುಳಿತಿದ್ದರು. ದೇಹವನ್ನು ಊರಿಗೆ ತರುವಷ್ಟರಲ್ಲಿ ಎಷ್ಟು ದಿನವಾಗುತ್ತದೋ ಎಂದು ಗಲ್ಫಿನಿಂದ ಅವನ ಗೆಳೆಯರು ಹೇಳಿದಾಗ, ಅಲ್ಲಿಯೇ ದಫನ್ ಮಾಡಲು ಅವರೇ ಒಪ್ಪಿದ್ದರಂತೆ.

"ಕಾಯಿಸುವುದು ಬೇಡ. ಬೇಗ ಮಣ್ಣು ಸೇರಲಿ," ಎಂದು ನನ್ನಲ್ಲಿ ತುಳುವಿನಲ್ಲಿ ಹೇಳಿದರು. "ಮುಖ ಒಂದು ನೋಡ್ಬೇಕು ಮಗ. ಮತ್ತೇನೂ ಬೇಡ."

ಮಧ್ಯಾಹ್ನದ ಮೇಲೆ ಅಲ್ಲಿನ ಗೆಳೆಯರು ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿ ಮುಖ ತೋರಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಸಿಗುವುದು ಕೆಲವೇ ನಿಮಿಷ. ಮನೆಯ ವೈಫೈ ನಮ್ಮ ಕಂಪೆನಿಯದ್ದೇ. ಎಲ್ಲ ಸರಿಯಾಗಿತ್ತು. ಊಟದ ಹೊತ್ತಿಗೆ ಮೋಡ ಕವಿದು ಒಂದೇ ಒಂದು ಸಿಡಿಲು ಬಡಿಯಿತು. ಕರೆಂಟ್ ಹೋಯಿತು. ಮನೆಯ ಇನ್ವರ್ಟರಿನಿಂದ ವೈಫೈ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಆದರೆ ಇಂಟರ್‌ನೆಟ್ ಇರಲಿಲ್ಲ.

ಕೂಗಿದರೆ ಕೇಳುವಷ್ಟು ಹತ್ತಿರದ ಜೀನಸಿನಂಗಡಿಯ ಹಿಂದೆ, ಆ ಕಡೆಯ ಮನೆಗಳಿಗೆಲ್ಲ ಲೈನ್ ಹಂಚುವ ನಮ್ಮ ರೂಟರ್ ಇತ್ತು. ಬೈಕಿನಲ್ಲಿದ್ದ ಲ್ಯಾಪ್‌ಟಾಪ್ ಹಿಡಿದು ಓಡಿದೆ. ರೂಟರ್ ಬ್ಯಾಟರಿಯಲ್ಲಿ ಜೀವಂತವಾಗಿತ್ತು, ಆದರೆ ಸಿಡಿಲಿನ ಹೊಡೆತಕ್ಕೆ ಒಳಗಿನ ಮೆಮೊರಿ ಪೂರ್ತಿ ಖಾಲಿ. ಈಗಷ್ಟೇ ಅಂಗಡಿಯಿಂದ ತಂದ ಹೊಸ ರೂಟರಿನ ಹಾಗೆ ಅದು ನನ್ನ ಮುಂದೆ ಕುಳಿತಿತ್ತು. ಸೆಟ್ಟಿಂಗ್ ಮತ್ತೆ ಹಾಕಬೇಕಾದರೆ ನಮಗೆ ಮೇಲಿನಿಂದ ಲೈನ್ ಕೊಡುವವರ ಉದ್ದದ ನಂಬರುಗಳು ಬೇಕು. ಅವು ನೋಡಿದರೆ ಗುರುತು ಸಿಗುತ್ತವೆ, ಬಾಯಿಪಾಠ ಬರುವುದಿಲ್ಲ. ಅವಿದ್ದದ್ದು ಮೂಡುಬಿದಿರೆಯ ಆಫೀಸಿನಲ್ಲಿ. ಫೋನ್ ಮಾಡಿ ಕೇಳುವ ಎಂದರೆ ವೇಣೂರಿನ ಟವರ್ ಕೂಡ ಸತ್ತಿದೆ ಎಂದು ಆಗಷ್ಟೇ ಅಲ್ಲಿಂದ ಬಂದ ಅಂಗಡಿಯವರು ಹೇಳಿದರು.

ಉಳಿದದ್ದು ದಾರದಲ್ಲಿ ನೇತಾಡುತ್ತಿದ್ದ ಹಮೀದನ ಪೆನ್‌ಡ್ರೈವ್. ಅದರಿಂದ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು. ಅವನು ಗಲ್ಫಿಗೆ ಹೋದ ಮೇಲೆ ಕಂಪೆನಿ ಹಳೆಯ ಲೈನ್ ಬಿಟ್ಟು ಬೇರೆಯವರಿಂದ ಲೈನ್ ತೆಗೆದುಕೊಂಡಿತ್ತು. ನಂಬರುಗಳೆಲ್ಲ ಬದಲಾಗಿದ್ದವು. ಪೆನ್‌ಡ್ರೈವಿಗೆ ಹೊಸ ಪ್ರತಿ ಹಾಕುವ ಪುರುಸೊತ್ತು ಅವನ ನಂತರ ಯಾರಿಗೂ ಇರಲಿಲ್ಲ. ಆದರೂ ಸುಮ್ಮನೆ ಹೇಗೆ ಕೂರುವುದು? ಅತ್ತ ಉಮ್ಮ ಕಾಯುತ್ತಿದ್ದರು. ಪೆನ್‌ಡ್ರೈವ್ ಚುಚ್ಚಿ ಫೈಲನ್ನು ರೂಟರಿಗೆ ಲೋಡ್ ಮಾಡಿದೆ.

ಲೈನಿನ ದೀಪ ಹಸಿರಾಯಿತು. ಪರದೆಯ ಮೇಲೆ ರೂಟರ್ ತೋರಿಸುತ್ತಿದ್ದದ್ದು ಹೊಸ ಲೈನಿನ ನಂಬರುಗಳನ್ನು. ಯಾರೋ ಪುಣ್ಯಾತ್ಮರು ಪ್ರತಿ ಬದಲಿಸಿಟ್ಟಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಹಮೀದನ ತಂಗಿ ಜುಬೈದಾ ಜಗಲಿಯಿಂದ "ಅಣ್ಣಾ, ಬಂತು! ಕಾಲ್ ಬಂತು!" ಎಂದು ಕೂಗಿದಳು. ಲ್ಯಾಪ್‌ಟಾಪನ್ನು ಅಕ್ಕಿ ಮೂಟೆಯ ಮೇಲೆ ಹಾಗೆಯೇ ಬಿಟ್ಟು ಓಡಿದೆ.

ಜುಬೈದಾ ಫೋನ್ ಹಿಡಿದಿದ್ದಳು. ಬಿಳಿ ಬಟ್ಟೆಯ ನಡುವೆ ಹಮೀದನ ಮುಖ. ಗಡ್ಡ ಸ್ವಲ್ಪ ಬೆಳೆದಿತ್ತು. ಉಮ್ಮ ಅಳಲಿಲ್ಲ. ಫೋನನ್ನು ಕಣ್ಣಿನ ತೀರ ಹತ್ತಿರ ಎಳೆದುಕೊಂಡು ತುಟಿ ಅಲುಗಿಸುತ್ತಿದ್ದರು. ಚಿತ್ರ ಒಮ್ಮೆಯೂ ತಡೆಯಲಿಲ್ಲ, ಮಸುಕಾಗಲಿಲ್ಲ. ಆ ಲೈನಿನಲ್ಲಿ ಅಷ್ಟು ಸ್ಪಷ್ಟ ಚಿತ್ರವನ್ನು ನಾನು ಹಿಂದೆಯೂ ಕಂಡಿಲ್ಲ, ಆಮೇಲೆಯೂ ಕಂಡಿಲ್ಲ. ಅಲ್ಲಿಯವರು ಬಟ್ಟೆ ಮುಚ್ಚಿದರು. ಕಾಲ್ ಮುಗಿಯಿತು. ನಾನು ಹಿತ್ತಲಿಗೆ ಹೋಗಿ ಮನಸಾರೆ ಅತ್ತೆ.

ಅಂಗಡಿಗೆ ಮರಳಿದಾಗ ರೂಟರಿನ ಬ್ಯಾಟರಿ ಮುಗಿದು ಎಲ್ಲ ಆರಿತ್ತು. ನಾನು ಸೇವ್ ಮಾಡಿರಲಿಲ್ಲ. ಸಂಜೆ ಕರೆಂಟ್ ಬಂದಾಗ ರೂಟರ್ ಮತ್ತೆ ಖಾಲಿಯಾಗಿಯೇ ಎದ್ದಿತು. ಪರವಾಗಿಲ್ಲ, ಪೆನ್‌ಡ್ರೈವ್ ಉಂಟಲ್ಲ ಎಂದು ಪುನಃ ಲೋಡ್ ಮಾಡಿದೆ. ದೀಪ ಹಸಿರಾಗಲಿಲ್ಲ. ಫೈಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಅದರಲ್ಲಿದ್ದದ್ದು ಹಳೆಯ ಲೈನಿನ ನಂಬರುಗಳು, ಫೈಲಿನ ತಾರೀಕು ಹಮೀದ್ ಊರು ಬಿಡುವುದಕ್ಕಿಂತ ಹಿಂದಿನದು. ಪೆನ್‌ಡ್ರೈವಿನಲ್ಲಿ ಬೇರೆ ಫೈಲೇ ಇರಲಿಲ್ಲ. ಮರುದಿನ ಆಫೀಸಿನಿಂದ ಹೊಸ ನಂಬರುಗಳನ್ನು ತಂದು ಹಾಕಿದ ಮೇಲೆಯೇ ಲೈನ್ ಬಂದದ್ದು.

ಗಡಿಬಿಡಿಯಲ್ಲಿ ನಾನೇ ಟೈಪ್ ಮಾಡಿರಬೇಕು ಎಂದರು ನಮ್ಮ ಧಣಿಗಳು. ಆ ನಂಬರುಗಳನ್ನು ಈಗ ಕೇಳಿದರೂ ನಾನು ಹೇಳಲಾರೆ. ಹಳೆಯ ಲೈನೇ ಹೇಗೋ ಜೀವ ಹಿಡಿದುಕೊಂಡಿತ್ತೋ ಎಂದು ಅದನ್ನು ಕೊಡುತ್ತಿದ್ದವರನ್ನೂ ಕೇಳಿದೆ. ಯಾವತ್ತೋ ಕಿತ್ತು ಹಾಕಿದ್ದೇವೆ ಎಂದರು. ನನ್ನ ಕಣ್ಣೇ ಮೋಸ ಮಾಡಿತು ಎನ್ನೋಣವೇ? ಹಾಗಾದರೆ ಮನೆ ತುಂಬ ಕೂತಿದ್ದವರು ನೋಡಿದ ಆ ಮುಖ ಯಾವ ಲೈನಿನಲ್ಲಿ ಬಂತು? ನನ್ನ ವಿದ್ಯೆಗೆ ಇದು ಇಂದಿಗೂ ನಿಲುಕಿಲ್ಲ. ಹೋಟೆಲಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ಈಗ ನಾನು ಬಾಯಿ ಹಾಕುವುದಿಲ್ಲ.

ಸ್ವಲ್ಪ ದಿನ ಬಿಟ್ಟು ಉಮ್ಮನನ್ನು ನೋಡಲು ಹೋದೆ. ನಡೆದದ್ದನ್ನು ಅವರಿಗೆ ಹೇಳಬೇಕೆಂದೇ ಹೊರಟಿದ್ದೆ, ನಿಮ್ಮ ಮಗನೇ ದಾರಿ ಮಾಡಿಕೊಟ್ಟ ಎಂದಾದರೂ ಸಮಾಧಾನವಾಗಲಿ ಎಂದು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

"ಮಗ, ಆ ದಿನದ್ದು ಇನ್ನೊಂದು ಸಲ ನೋಡ್ಲಿಕ್ಕೆ ಆಗ್ತದಾ?"

"ಇಲ್ಲ ಉಮ್ಮ. ಅದು ರೆಕಾರ್ಡ್ ಆಗಿಲ್ಲ."

"ನನಗೆ ಸರಿ ಕಾಣ್ಲಿಲ್ಲ ಮಗ," ಎಂದರು. "ಕಣ್ಣಲ್ಲಿ ನೀರು ತುಂಬಿತ್ತು. ಅತ್ತರೆ ಅವನಿಗೆ ಸಂಕಟ ಆಗ್ತದೆ ಅಂತ ಒರೆಸ್ಲೂ ಇಲ್ಲ, ಬೀಳ್ಲಿಕ್ಕೂ ಬಿಡ್ಲಿಲ್ಲ. ಎಲ್ಲರೂ ನೋಡಿದ್ರು. ನಾನು ನೋಡ್ಲಿಲ್ಲ."

ಹೇಳಬೇಕೆಂದು ಹೋದದ್ದನ್ನು ನಾನು ಹೇಳಲಿಲ್ಲ. ಅವರು ಕೈ ಬಿಡುವವರೆಗೆ ಅಲ್ಲಿಯೇ ಕುಳಿತಿದ್ದೆ.