ಫರಸಾನಿನಲ್ಲಿ ಓಗೊಟ್ಟದ್ದು

ಸೌದಿಯ ಬೆಟ್ಟದೂರು ಅಭಾ ಬಿಟ್ಟಾಗ ಊರಿಗೆ ಊರೇ ಮಂಜಿನಲ್ಲಿತ್ತು. ನಾವು ಹೋಗಬೇಕಾದದ್ದು ಕೆರಿಬಿಯನ್ ಕಡಲಿನ ಒಂದು ಪುಟ್ಟ ದ್ವೀಪಕ್ಕೆ. ಹೊರಟದ್ದು ಮಾತ್ರ ಕೆಂಪು ಸಮುದ್ರದ ಫರಸಾನ್ ದ್ವೀಪಕ್ಕೆ. ಕಾರಣ ನನ್ನ ಹೆಂಡತಿ ಶ್ಯಾಮಲ.

ಮಗಳು ನಿಧಿ ಆ ಕೆರಿಬಿಯನ್ ದ್ವೀಪದಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಪದವಿ ಪಡೆಯುವ ದಿನ ಇಬ್ಬರೂ ಬರಲೇಬೇಕೆಂದು ಅವಳ ಹಟ. ವಿಮಾನಗಳೆಲ್ಲ ಮುಗಿದ ಮೇಲೂ ಕೊನೆಯ ದಾರಿ ದೋಣಿಯಲ್ಲೇ. ಶ್ಯಾಮಲ ಗಂಗೊಳ್ಳಿಯವಳು. ಅವಳ ಅಣ್ಣ ಮೀನಿಗೆ ಹೋದವನು ವಾಪಸ್ಸು ಬರಲಿಲ್ಲ. ಅಲ್ಲಿಂದೀಚೆಗೆ ಅವಳು ದೋಣಿಗೆ ಕಾಲಿಟ್ಟವಳಲ್ಲ. "ನೀವ್ ಹೋಯ್ನಿ, ನಾ ಬತ್ತಿಲ್ಲೆ" ಎಂದು ಕೂತುಬಿಟ್ಟಿದ್ದಳು. ನಾನು ಮೈಸೂರಿನವನು, ಈಜು ಬಾರದಿದ್ದರೂ ಜಂಬಕ್ಕೇನೂ ಕಮ್ಮಿಯಿಲ್ಲ. ಒಂದು ಸಲ ರೂಢಿ ಮಾಡಿಸಿದರೆ ಭಯ ಬಿಟ್ಟೋಡುತ್ತದೆ ಎಂದು, ಇಬ್ಬರೂ ದುಡಿಯುವ ಅಭಾದ ಆಸ್ಪತ್ರೆಯಲ್ಲಿ ರಜೆ ಕೂಡಿಬಂದ ವಾರ ಹೊರಡಿಸಿದೆ.

ಘಾಟಿಯ ತಿರುವುಗಳಲ್ಲಿ ಕೋತಿಗಳು ಸಾಲಾಗಿ ಕೂತು ಕಾರನ್ನೇ ನೋಡುತ್ತಿದ್ದವು. ಇನ್ನೂರು ಕಿಲೋಮೀಟರ್ ಇಳಿದು ಜಿಜಾನ್ ಬಂದರು ಮುಟ್ಟುವಷ್ಟರಲ್ಲಿ ಸ್ವೆಟರ್ ಬಿಚ್ಚಿ ಬೆವರು ಒರೆಸುವ ಹಾಗಾಯಿತು. ದ್ವೀಪದ ಹಡಗಿಗೆ ದುಡ್ಡಿಲ್ಲ, ಮೊದಲೇ ಹೆಸರು ಬರೆಸಿದರೆ ಸಾಕು. ಹಡಗಿನಲ್ಲಿ ದಾರಿಯುದ್ದಕ್ಕೂ ಶ್ಯಾಮಲ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದೇ ಇದ್ದಳು. "ನೋಡೇ, ಬಸ್ಸಿಗಿಂತ ವಾಸಿ" ಎಂದು ರೇಗಿಸಿದೆ.

ಫರಸಾನಿನಲ್ಲಿ ಭಟ್ಕಳದವರೊಬ್ಬರ ಹೋಟೆಲು ಸಿಕ್ಕಿತು. ಸುಟ್ಟ ಮೀನು, ಬಿಸಿ ರೊಟ್ಟಿ ತಿಂದು ಕಸ್ಸಾರಿನ ದಾರಿ ಕೇಳಿದೆವು. ಹಿಂದೆ ದ್ವೀಪದವರು ಖರ್ಜೂರದ ಕಾಲಕ್ಕೆ ಹೋಗಿ ಇರುತ್ತಿದ್ದ ಹಳ್ಳಿ ಅದು. ಈಗ ಯಾರೂ ಇಲ್ಲ.

"ಅಲ್ಲಿ ಎಂತ ಉಂಟು ಮಾರಾಯ್ರೆ, ಬರೀ ಕಲ್ಲು," ಎಂದರು ಹೋಟೆಲಿನವರು. "ಹೋಗುದಾದ್ರೆ ಸಂಜೆ ಮಗ್ರಿಬ್ ಬಾಂಗಿಗೆ ಮೊದ್ಲೇ ಬಂದ್ಬಿಡಿ."

ನಾವು ಹೋಗುವಾಗಲೇ ಹೊತ್ತು ಇಳಿದಿತ್ತು. ತಗ್ಗು ಬಾಗಿಲಿನ ಕಲ್ಲಿನ ಮನೆಗಳು, ನಡುವೆ ಓಣಿ, ಮೇಲೆ ಅಲುಗದ ಖರ್ಜೂರದ ಗರಿಗಳು. ಒಂದು ಹಕ್ಕಿಯ ಸದ್ದೂ ಇಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಶ್ಯಾಮಲ ಬಾವಿಯ ಹತ್ತಿರ ನಿಂತಳು, ನಾನು ಫೋಟೋ ತೆಗೆಯಲು ಓಣಿಯೊಳಗೆ ಹೋದೆ. ಆಗ ಪಕ್ಕದ ಮನೆಯ ಒಳಗಿನಿಂದ ಯಾರೋ "ಪಪ್ಪಾ" ಎಂದರು.

ನಿಧಿಯ ದನಿ. ಅವಳದೇ ಎಳೆದ ರಾಗ. "ಬಂದೆ ಕಣಮ್ಮ" ಎಂದು ಬಾಯಿ ತಾನಾಗಿ ಅಂದುಬಿಟ್ಟಿತು. ತಲೆ ಬಗ್ಗಿಸಿ ಒಳಗೆ ನೋಡಿದರೆ ಮರಳು, ಮೂಲೆಯಲ್ಲಿ ಮುರಿದ ಮಡಕೆ. ಅಷ್ಟೇ.

ಶ್ಯಾಮಲ ಓಡಿಬಂದಳು. "ಹ್ವಾಯ್, ಯಾರಿಗೆ ಓಗೊಟ್ಟದ್?" ಹೇಳಿದೆ. ಅವಳು ನನ್ನ ತೋಳು ಹಿಡಿದು ಓಣಿಯಿಂದಾಚೆ ಎಳೆದಳು. "ಒಂದೇ ಸಲ ಕರದ್ರೆ ಓ ಅಂಬುಕಾಗ ಅಂದ್ ಎಷ್ಟ್ ಸಲ ಹೇಳಿದ್ದೆ! ಮೂರ್ ಸಲ ಕರದ್ರೆ ಮಾತ್ರ ಮನ್ಷ್ರ್." ಮದುವೆಯಾದಾಗಿನಿಂದ ಅವರ ಮನೆಯ ಈ ನಿಯಮವನ್ನು ಗೇಲಿ ಮಾಡುತ್ತಲೇ ಬಂದವನು ನಾನು. ಆವತ್ತು ನಗು ಬರಲಿಲ್ಲ.

ಪೇಟೆ ಹತ್ತಿರವಾಗಿ ಸಿಗ್ನಲ್ ಬಂದ ಕೂಡಲೇ ನಿಧಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬೆಳಿಗ್ಗೆ.

"ಹುಷಾರಾಗಿದೀಯಾ?"

"ಐ ಆಮ್ ಫೈನ್ ಪಪ್ಪಾ. ಮತ್ತೆ ಯಾಕೆ ಮಾಡಿದ್ರಿ? ಈಗ ತಾನೇ ಮಾಡಿ 'ಬಂದೆ ಕಣಮ್ಮ' ಅಂತ ಕಟ್ ಮಾಡಿದ್ರಲ್ಲ."

ನನ್ನ ಫೋನಿನಲ್ಲಿ ಅಂಥ ಕರೆಯೇ ಇರಲಿಲ್ಲ. ಸ್ಪೀಕರಿನಲ್ಲಿ ಶ್ಯಾಮಲ ಎಲ್ಲ ಕೇಳಿಸಿಕೊಂಡಿದ್ದಳು. ಆ ರಾತ್ರಿ ಫರಸಾನಿನಲ್ಲೇ ದೀಪ ಆರಿಸದೆ ಕಳೆದೆವು.

ಮಾರನೆಯ ಬೆಳಿಗ್ಗೆ ಹಡಗು ಹತ್ತುವಾಗ ನಾನೇ ಹಿಂದೇಟು ಹಾಕಿದೆ. ಹಲಗೆಯ ಕೆಳಗಿನ ನೀರು ನೋಡಿ ಕಂಬಿ ಹಿಡಿದುಕೊಂಡೆ. ಒಳಗೇ ಕೂರೋಣ ಎಂದೆ. ಶ್ಯಾಮಲ ಕೇಳದೆ ಕೈ ಹಿಡಿದು ಮೇಲಿನ ತೆರೆದ ಅಟ್ಟಕ್ಕೆ ಕರೆದೊಯ್ದಳು. ಈ ಸಲ ಅವಳ ಕಣ್ಣು ತೆರೆದೇ ಇತ್ತು.

"ನಿಧಿ ಹತ್ರ ಹೋಪುಕೆ ಎರಡ್ ಟಿಕೆಟ್ ಮಾಡಿ," ಎಂದಳು.

"ನಿನಗೆ ಭಯ ಅಲ್ವೇನೇ?"

"ಹೆದ್ರಿಕೆ ಇಲ್ದೆ ಎಂತ? ನೀವ್ ಅದಕ್ಕೆ 'ಬಂದೆ' ಅಂದ್ ಆಯ್ತಲ್ಲ. ಇನ್ನ್ ನಿಮ್ಮನ್ನ್ ಒಬ್ರನ್ನೇ ಕಡ್ಲಿಗೆ ಕಳ್ಸುದಿಲ್ಲೆ."

ಫರಸಾನ್ ಹಿಂದೆ ಸರಿಯುತ್ತಿತ್ತು. ಅವಳು ನನ್ನ ಕೆನ್ನೆಗೆ ಅಂಗೈಯಿಟ್ಟು, ಹಿಂದೆ ನೋಡದ ಹಾಗೆ ಮುಖವನ್ನು ಜಿಜಾನಿನ ಕಡೆ ತಿರುಗಿಸಿ ಹಿಡಿದಳು. ದಡ ಮುಟ್ಟುವವರೆಗೂ ಬಿಡಲಿಲ್ಲ.