ಆ ವರ್ಷದ ಉತ್ತಮ ಆಟಗಾರ

ಕೇಬಲ್ ಕಿತ್ತದ್ದು ನಾನು. ಮುರುಗೇಶಣ್ಣ ಅಲ್ಲ. ಬೇಕೆಂದು ಕೀಳಲಿಲ್ಲ, ಕಾಲಿಗೆ ತೊಡರಿ ಕಿತ್ತುಬಂತು — ಅದನ್ನು ಯಾರೂ ತಪ್ಪೆನ್ನುವುದಿಲ್ಲ. ನನ್ನ ತಪ್ಪು ಆಮೇಲಿನದು. ಎಲ್ಲರೂ ಸೇರಿ ಅವರನ್ನು ಮೋಸಗಾರ ಎನ್ನುತ್ತಿದ್ದಾಗ, ನಿಜ ಗೊತ್ತಿದ್ದ ನಾನು ಸುಳ್ಳು ಹೇಳಿದೆ. ಅವರಿಗೆ ಸಲ್ಲಬೇಕಿದ್ದ ಬಹುಮಾನವನ್ನು ನಾನು ಮನೆಗೆ ತಂದೆ.

ಮನೆಮನೆಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬರುತ್ತಿದ್ದ ಕಾಲ ಅದು. ನಾನು ದೊಮ್ಮಲೂರಿನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ಫುಟ್‌ಬಾಲ್ ಆಡುವ ಹುಚ್ಚಿದ್ದ ನಾವೊಂದಿಷ್ಟು ಜನ ಒಂದು ಲೀಗ್ ಕಟ್ಟಿಕೊಂಡಿದ್ದೆವು. ಅವರವರ ಮನೆಯಲ್ಲೇ ಕೂತು, ಇಂಟರ್‌ನೆಟ್ಟಿನಲ್ಲಿ ಒಬ್ಬರೆದುರು ಒಬ್ಬರು ಆಡುವುದು. ಸೀಸನ್ ಮುಗಿದಾಗ ಒಂದೆಡೆ ಸೇರಿ, ಊಟ ಮಾಡುತ್ತ, ಜಗಳವಾಡುತ್ತ, ಆ ವರ್ಷದ ಉತ್ತಮ ಆಟಗಾರನನ್ನು ಆರಿಸುವುದು.

ಮುರುಗೇಶಣ್ಣ ಹಲಸೂರಿನವರು, ನಮಗೆಲ್ಲ ಹಿರಿಯರು. ಚಿಕ್ಕಂದಿನಿಂದ ಮೈದಾನದಲ್ಲಿ ನಿಜವಾದ ಫುಟ್‌ಬಾಲ್ ಆಡಿ, ಮಂಡಿಗೆ ಪೆಟ್ಟಾಗಿ ಬಿಟ್ಟವರು. ಪರದೆಯ ಮೇಲೂ ಅವರ ಆಟಗಾರರು ಸುಮ್ಮನೆ ಓಡುತ್ತಿರಲಿಲ್ಲ. ಚೆಂಡನ್ನು ತಾಳ್ಮೆಯಿಂದ ಒಬ್ಬರಿಂದೊಬ್ಬರಿಗೆ ದಾಟಿಸಿ, ಎದುರಾಳಿ ಜಾಗ ಬಿಡುವುದನ್ನೇ ಕಾಯುತ್ತಿದ್ದರು. ನನಗೆ ಆ ಆಟ ಕಲಿಸಿದ್ದು ಅವರೇ. ಹೊರಮಾವಿನ ನನ್ನ ಮನೆಗೆ ಇನ್ನೂ ಇಂಟರ್‌ನೆಟ್ ಬಂದಿರಲಿಲ್ಲವಾದ್ದರಿಂದ ಭಾನುವಾರಗಳಂದು ಅವರ ಮನೆಗೇ ಹೋಗಿ ನನ್ನ ಪಂದ್ಯಗಳನ್ನು ಆಡುತ್ತಿದ್ದೆ. ಶಾಲೆಗೆ ಹೋಗುತ್ತಿದ್ದ ಅವರ ಮಗಳು ನಿರ್ಮಲಾ ನಮ್ಮಿಬ್ಬರ ನಡುವೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಅಪ್ಪ ಗೋಲು ಹೊಡೆದರೂ ಕೂಗುವಳು, ನಾನು ಹೊಡೆದರೂ ಕೂಗುವಳು.

ಆ ಭಾನುವಾರ ಅವಳು ಟ್ಯೂಷನ್ನಿಗೆ ಹೋಗಿದ್ದಳು. ಮುರುಗೇಶಣ್ಣನಿಗೆ ಶಿವಾಜಿನಗರದ ಆಸಿಫ್ ಜೊತೆ ಪಂದ್ಯ. ಆಸಿಫ್ ಒಂದು ಗೋಲು ಮುಂದಿದ್ದ, ಆಟ ಮುಗಿಯುತ್ತ ಬಂದಿತ್ತು. ಕಾಫಿ ಲೋಟ ಇಡಲೆಂದು ನಾನು ಎದ್ದೆ — ನೆಲದ ಮೇಲಿದ್ದ ಇಂಟರ್‌ನೆಟ್ ಕೇಬಲ್ ಕಾಲಿಗೆ ಸಿಕ್ಕಿ ಕಿತ್ತುಬಂತು. ಪರದೆಯ ಮೇಲೆ ಆಟ ನಿಂತುಹೋಯಿತು.

"ಅಯ್ಯೋ, ಸಾರಿ ಅಣ್ಣ!" ಎಂದೆ.

"ಬಿಡೋ, ಮತ್ತೆ ಆಡಿದ್ರಾಯ್ತು" ಎಂದು ನಕ್ಕುಬಿಟ್ಟರು.

ಸಂಪರ್ಕ ಕಡಿದರೆ ಪಂದ್ಯವನ್ನು ಮೊದಲಿನಿಂದ ಆಡಬೇಕೆಂಬುದು ನಮ್ಮ ನಿಯಮ. ಮತ್ತೆ ಆಡಿದರು, ಗೆದ್ದರು. ಆದರೆ ಸೋಲುವ ಹೊತ್ತಿಗೆ ಬೇಕೆಂದೇ ಕೇಬಲ್ ಕೀಳುವ ಚಾಳಿ ಕೆಲವರಿಗಿತ್ತು. ನಮ್ಮಲ್ಲಿ ಅದಕ್ಕಿಂತ ಹೀನವಾದದ್ದು ಇನ್ನೊಂದಿರಲಿಲ್ಲ.

ಸೀಸನ್ ಮುಗಿದು ಇಂದಿರಾನಗರದ ಒಂದು ಹೋಟೆಲಿನ ಮಹಡಿಯಲ್ಲಿ ಸೇರಿದೆವು. ಮುರುಗೇಶಣ್ಣ ಮಗಳನ್ನೂ ಕರೆತಂದಿದ್ದರು. ಹಬ್ಬಕ್ಕೆ ಹೊಲಿಸಿದ ಲಂಗ ಹಾಕಿಕೊಂಡು ಬಂದಿದ್ದಳು. ಕೊನೆಯಲ್ಲಿ ಎರಡೇ ಹೆಸರು ಉಳಿದವು — ಅವರದು, ನನ್ನದು. ನನ್ನ ಗೋಲುಗಳು ಹೆಚ್ಚು ಎಂದು ಕೆಲವರು. ಆಟದ ಅಂದ ಅವರದ್ದೇ ಎಂದು ಹಲವರು. ವಾದ ಅವರ ಕಡೆಗೇ ವಾಲುತ್ತಿತ್ತು. ಆಗ ಆಸಿಫ್ ಎದ್ದ.

"ಬೇಜಾರ್ ಮಾಡ್ಕೋಬೇಡಿ ಭಾಯ್. ನಾನು ಗೆಲ್ತಾ ಇದ್ದೆ, ಕರೆಕ್ಟಾಗಿ ಆವಾಗ್ಲೇ ಲೈನ್ ಹೋಯ್ತು. ಏನಾಯ್ತು ಅಂತ ಹೇಳ್ಬಿಡಿ, ಸಾಕು."

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮುರುಗೇಶಣ್ಣ "ಕೇಬಲ್ ಕಿತ್ಕೊಂಡ್ಬಿಡ್ತು" ಎಂದಷ್ಟೇ ಹೇಳಿ ನನ್ನ ಕಡೆ ನೋಡಿದರು. ಮನೆಗೆ ಬಂದವನ ಮೇಲೆ ತಾವೇ ದೂರು ಹೇಳುವುದು ಅವರಿಂದಾಗಲಿಲ್ಲ. ನಾನು ಹೇಳುತ್ತೇನೆಂದು ಕಾದರು. ಲೀಗ್ ನಡೆಸುತ್ತಿದ್ದ ಪ್ರಕಾಶ್ ನನ್ನತ್ತ ತಿರುಗಿದ.

"ಬಸು, ಅವತ್ತು ನೀನು ಅಲ್ಲೇ ಇದ್ಯಲ್ವಾ?"

ಒಂದು ಮಾತು ಸಾಕಿತ್ತು. ಎಲ್ಲರೂ ನಕ್ಕು, ನನಗೊಂದು ಬೈದು, ಅವರ ಹೆಸರು ಕೂಗಿಬಿಡುತ್ತಿದ್ದರು. ಆದರೆ ನನಗೆ — ನನಗೆ ಆ ಹೆಸರು ಬೇಕಿತ್ತು. ಅಷ್ಟೇ. ಬೇರೆ ಕಾರಣವನ್ನು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

"ನಾನು ಒಳಗಡೆ ನೀರು ಕುಡಿಯೋಕ್ ಹೋಗಿದ್ದೆ ಗುರು. ನೋಡ್ಲಿಲ್ಲ."

ಯಾರೋ ಹಿಂದಿನಿಂದ "ಗೊತ್ತಾಯ್ತು ಬಿಡಿ" ಎಂದರು. ನನ್ನ ಹೆಸರು ಕೂಗಿ ಬಹುಮಾನ ಕೊಟ್ಟರು. ಗದ್ದಲದ ನಡುವೆ ಮುರುಗೇಶಣ್ಣ ನನ್ನ ಹತ್ತಿರ ಬಂದು, "ಊಟ ಮಾಡ್ಕೊಂಡು ಹೋಗು ಬಸು, ನಾವು ಹೊರಡ್ತೀವಿ" ಎಂದು ಮಗಳ ಕೈಹಿಡಿದು ಇಳಿದುಹೋದರು. ಅಲ್ಲಿಂದ ಮುಂದೆ ಅವರು ಲೀಗಿನಲ್ಲಿ ಆಡಲಿಲ್ಲ. ನಾನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಲೀಗ್ ಮುಚ್ಚಿಹೋಯಿತು. ನನಗೆ ಮದುವೆಯಾಯಿತು, ಮಕ್ಕಳಾದರು. ಈಚೆಗೆ ನನ್ನ ಮಗ ಶಾಲೆಯಲ್ಲಿ ಏನೋ ಸುಳ್ಳು ಹೇಳಿದನೆಂದು ಬೈಯುತ್ತಿದ್ದೆ — ಬೈಯುತ್ತಿದ್ದಂತೆಯೇ ಆ ಮಹಡಿಯಲ್ಲಿ ನಾನಾಡಿದ ಮಾತು ನೆನಪಾಯಿತು. ಮರುವಾರವೇ ಪ್ರಕಾಶನಿಂದ ವಿಳಾಸ ಪಡೆದು ಮುರುಗೇಶಣ್ಣನನ್ನು ಹುಡುಕಿಕೊಂಡು ಹೋದೆ. ಈಗ ಲಿಂಗರಾಜಪುರದಲ್ಲಿದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕುರ್ಚಿ ತೋರಿಸಿದರು, ನಾನು ನಿಂತೇ ಎಲ್ಲವನ್ನೂ ಹೇಳಿದೆ.

"ನನಗ್ಯಾಕೋ ಹೇಳ್ತೀಯ?" ಎಂದರು. "ನನಗೆ ಗೊತ್ತಿಲ್ದೇ ಇರೋದಾ ಅದು? ನಿರ್ಮಲಾಗೆ ಹೇಳು."

ಅವಳಿಗೆ ಏಕೆಂದು ನನಗೆ ಹೊಳೆಯಲಿಲ್ಲ. ಅವರೇ ಹೇಳಿದರು — ಆ ದಿನ ಆಟೋದಲ್ಲಿ ಅವಳು, ನೀನೇ ಕಿತ್ಯಾ ಅಪ್ಪಾ ಎಂದು ಕೇಳಿದಳಂತೆ. ಇಲ್ಲಮ್ಮ, ಬಸು ಅಂಕಲ್ ಕಾಲು ತಾಗಿತು ಎಂದರಂತೆ.

"ಬಸು ಅಂಕಲ್ ಸುಳ್ಳು ಹೇಳಲ್ಲ ಅಂದ್ಳು. ಆಮೇಲೆ ಯಾವತ್ತೂ ಆಟ ನೋಡೋಕೆ ನನ್ನ ಪಕ್ಕ ಕೂರ್ಲಿಲ್ಲ ಅವಳು. ನಾನೂ ಆಟ ಬಿಟ್ಬಿಟ್ಟೆ."

ಆ ಮಗು ನನ್ನನ್ನು ನಂಬಿತ್ತು. ನನ್ನನ್ನು ನಂಬಿ ಅಪ್ಪನನ್ನು —

ಕೆ.ಆರ್. ಪುರದಲ್ಲಿರುವ ಮಗಳಿಗೆ ಅವರೇ ಫೋನ್ ಮಾಡಿ, ನನ್ನ ಕೈಗೆ ಕೊಟ್ಟರು. ನಾನು ಯಾರೆಂದು ಹೇಳಿ, ಮಾಡಿದ್ದನ್ನು ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಅಪ್ಪಂಗೆ ಕೊಡಿ" ಎಂದಳು. ಅವರು ಫೋನ್ ಹಿಡಿದು, ಕುಂಟುತ್ತ ಬಾಲ್ಕನಿಗೆ ಹೋಗಿ, ತಮಿಳಿನಲ್ಲಿ ಮೆಲ್ಲಗೆ ಮಾತಾಡತೊಡಗಿದರು. ಅಳಬೇಡಮ್ಮಾ ಎಂಬರ್ಥದ ಒಂದು ಮಾತು ಮಾತ್ರ ನನಗೆ ತಿಳಿಯಿತು.

ನಾನು ಕ್ಷಮೆ ಕೇಳಲಿಲ್ಲ. ಆ ಹೊತ್ತಿನಲ್ಲಿ ಅದನ್ನೂ ಕೇಳಿ ಪಡೆಯಲು ನನಗೆ ಬಾಯಿ ಬರಲಿಲ್ಲ. ಪ್ರಕಾಶನಿಗೆ ನಿಜ ತಿಳಿಸಿದ್ದೇನೆ. ಆಸಿಫ್ ಸಿಕ್ಕಿದ್ದಾನೆ, ನಾಳೆ ಅವನ ಅಂಗಡಿಗೆ ಹೋಗುತ್ತೇನೆ. ಆ ಮಹಡಿಯಲ್ಲಿ ಕೂತಿದ್ದ ಉಳಿದವರನ್ನೂ ಒಬ್ಬೊಬ್ಬರಾಗಿ ಹುಡುಕುತ್ತೇನೆ.